ತಿಪ್ಪವ್ವ ನೋಡದ ಚಕ್ಕಡಿ

ತಿಪ್ಪವ್ವನ ತವರು ತಡಸ, ಕೊಟ್ಟ ಮನೆ ಹಿರೇಬೆಂಡಿಗೇರಿ. ಗಂಡ ಚಂದ್ರಪ್ಪ ಅದೇ ಊರಿನ ಪರಮೇಶಪ್ಪ ಸಾವಕಾರರ ಚಕ್ಕಡಿ ಹೊಡೆಯುತ್ತಿದ್ದ. ಮನುಷ್ಯರ ಜೋಡಿ ಅವನ ಮಾತು ಕಡಿಮೆ. ಎತ್ತುಗಳ ಜೋಡಿ ಮಾತ್ರ ನೊಗ ಹೂಡಿದಾಗಿನಿಂದ ಕೊಳ್ಳು ಹರಿದು ನೊಗ ಇಳಿಸುವ ತನಕ ಏನಾದರೊಂದು ಮಾತಾಡುತ್ತಲೇ ಇರುತ್ತಿದ್ದ. ಮನೆಗೆ ಬಂದ ಮೇಲೆ ತಿಪ್ಪವ್ವ, "ಎಲ್ಲಾ ಮಾತು ಅವಕ್ಕ ಖರ್ಚು ಮಾಡಿ ಬಂದ್ರೇನು?" ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ಮೂವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಅವನು ಮುಂಡಗೋಡದ ಕಡೆಯ ಕಾಡಿನಿಂದ ಬಿದಿರು ಹೇರಿಕೊಂಡು ಬರುತ್ತಿದ್ದ. ತಡಸ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಇಳಿಜಾರಿನಲ್ಲಿ ಚಕ್ಕಡಿಯ ಅಚ್ಚು ಮುರಿಯಿತು. ಒಂದು ಗಾಲಿ ಕಳಚಿ ಹೊರಳಿತು. ಬಿದಿರಿನ ಹೇರು ಪೂರಾ ಅವನ ಮೇಲೆ ಬಿತ್ತು. ಹಿಂದೆ ಬರುತ್ತಿದ್ದವರು ಬಿದಿರು ಸರಿಸುವಷ್ಟರಲ್ಲಿ ಚಂದ್ರಪ್ಪನ ಉಸಿರು ನಿಂತಿತ್ತು. ಎತ್ತುಗಳಿಗೆ ಏನೂ ಆಗಿರಲಿಲ್ಲ.

ಮಣ್ಣು ಮಾಡಿದ ಮೇಲೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಹಣೇಬರಹ. ತಿಪ್ಪವ್ವನೂ ಹಾಗೇ ಅಂದುಕೊಂಡಿದ್ದಳು. ಹಾಲು ಬಿಡದ ಮಗಳು ಹಾಲವ್ವನನ್ನು ಮಡಿಲಲ್ಲಿ ಹಾಕಿಕೊಂಡು ಗೋಡೆಗೆ ಒರಗಿ ಕುಳಿತವಳಿಗೆ ಬೇರೆ ಏನನ್ನೂ ಅಂದುಕೊಳ್ಳಲು ತ್ರಾಣವಿರಲಿಲ್ಲ.

ಕೆಲವು ದಿನಗಳ ಮೇಲೆ ಗಂಡನ ಕಂಬಳಿ ಚಕ್ಕಡಿಯಲ್ಲೇ ಉಳಿದದ್ದು ನೆನಪಾಯಿತು. ಮುರಿದ ಚಕ್ಕಡಿಯನ್ನು ಎಳೆದು ತಂದು ಊರ ಕಮ್ಮಾರ ಅಜ್ಜಪ್ಪನ ಕಮ್ಮಾರಸಾಲೆಯ ಮುಂದೆ ಹಾಕಿದ್ದರು. ಕಂಬಳಿ ತೆಗೆಯಲು ಬಗ್ಗಿದವಳ ಕಣ್ಣಿಗೆ ಮುರಿದ ಅಚ್ಚಿನ ತುದಿ ಬಿತ್ತು. ಆ ಮುರಿತ ಎರಡು ಬಣ್ಣದ್ದಿತ್ತು. ಒಂದು ಭಾಗ ಆಗಷ್ಟೇ ಒಡೆದ ಕಲ್ಲಿನ ಹಾಗೆ ಬೆಳ್ಳಗೆ ಮಿಂಚುತ್ತಿತ್ತು. ಇನ್ನೊಂದು ಭಾಗ ಕಪ್ಪಾಗಿ, ತುಕ್ಕು ಹಿಡಿದು, ಒಳಗಿನ ತನಕ ಕೀಲೆಣ್ಣೆಯ ಜಿಡ್ಡು ಇಳಿದಿತ್ತು. ತಿಪ್ಪವ್ವ ಅದರ ಮೇಲೆ ಬೆರಳಾಡಿಸಿದಳು. ಬೆರಳಿಗೆ ಜಿಡ್ಡು ಹತ್ತಿತು.

"ಅಜ್ಜಪ್ಪಣ್ಣಾ, ಈ ಕರೇ ಭಾಗ ಯಾವಾಗ ಮುರದಿದ್ದು?"

ಅಜ್ಜಪ್ಪ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ಅದು ಹಳೇದವ್ವ. ವರ್ಷದ ಹಿಂದ ಬಿರುಕು ಬಿಟ್ಟಿರಬೇಕು."

"ಮೊದಲ ನೋಡಿದ್ರ ಕಾಣತಿತ್ತೇನು?"

"ಗಾಲಿ ಬಿಚ್ಚಿದ್ರ ಕಾಣತಿತ್ತು."

"ಮತ್ತ ಯಾಕ ಬಿಚ್ಚಲಿಲ್ಲ?"

"ಬಿಚ್ಚು ಅಂತ ಯಾರೂ ಅನ್ನಲಿಲ್ಲವ್ವ," ಎಂದು ಅಜ್ಜಪ್ಪ ಮುಖ ಬೇರೆ ಕಡೆ ಮಾಡಿದ.

ಆ ಸಂಜೆ ಪರಮೇಶಪ್ಪ ಸಾವಕಾರರು ಒಂದು ಚೀಲ ಜೋಳ ಹೊರಿಸಿಕೊಂಡು ತಾವೇ ಮಾತಾಡಿಸಲು ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಆಳುಗಳ ಮನೆಯ ಮದುವೆಗೆ ಮುಯ್ಯಿ ಮಾಡುವವರು, ಜಡ್ಡು ಬಿದ್ದರೆ ಔಷಧ ಕೊಡಿಸುವವರು. ಆದರೆ ಹೂಡಿದ ಕೆಲಸ ನಿಲ್ಲಬಾರದು, ಹೊರಟ ಚಕ್ಕಡಿ ತಿರುಗಬಾರದು, ಅದು ಅಪಶಕುನ ಎಂಬುದು ಅವರ ನಂಬಿಕೆ. "ಏನ್ ಮಾಡೂದವ್ವ, ಅವನ ಹಣೇಬರಹದಾಗ ಅಷ್ಟ ಬರದಿತ್ತು," ಎಂದರು.

ತಿಪ್ಪವ್ವ ಎದ್ದು ನಿಂತಳು. "ಹಣ್ಯಾಗ ಏನ್ ಬರದಿತ್ತೋ ನಾ ನೋಡಿಲ್ರಿ ಸಾವಕಾರ್ರ. ಅಚ್ಚಿನಾಗ ಬಿರುಕಿತ್ತು, ಅದನ್ನ ನೋಡಿ ಬಂದೇನಿ. ನೀವೂ ಒಂದ್ಸಲ ಹೋಗಿ ನೋಡ್ರಿ."

ಕುಳಿತವರೆಲ್ಲ ಬೆರಗಾದರು. ಸಾವಕಾರರು ಜೋಳದ ಚೀಲ ಇಳಿಸಿ ಹೋದರು. ಅಚ್ಚು ನೋಡಲು ಹೋಗಲಿಲ್ಲ.

ಆ ಬೇಸಿಗೆಯಿಂದ ತಿಪ್ಪವ್ವ ಕಮ್ಮಾರಸಾಲೆಯಲ್ಲಿ ತಿದಿ ಊದಲು ಹೋಗತೊಡಗಿದಳು. ಅಜ್ಜಪ್ಪನಿಗೆ ಒಬ್ಬರು ಬೇಕಾಗಿದ್ದರು. ಅವಳು ಕೂಲಿಯ ಜೊತೆಗೆ ಇನ್ನೊಂದನ್ನೂ ಕೇಳಿದಳು: ಒಳ್ಳೆಯ ಕಬ್ಬಿಣ ಯಾವುದು, ಕೆಟ್ಟದ್ದು ಯಾವುದು, ತೋರಿಸಿ ಕೊಡಬೇಕು. ಅಜ್ಜಪ್ಪ ಮೊದಲು ನಕ್ಕ. ಆಮೇಲೆ, ಅವಳು ಸುಮ್ಮನೆ ಬಿಡುವವಳಲ್ಲ ಎಂದು ಗೊತ್ತಾದ ಮೇಲೆ, ಒಂದೊಂದೇ ಹೇಳಿಕೊಟ್ಟ. ಕಬ್ಬಿಣವನ್ನು ತೂಗಬಿಟ್ಟು ಬಡಿದರೆ ಗಂಟೆಯಂಥ ದನಿ ಬರಬೇಕು; ಒಡಕು ದನಿ ಬಂದರೆ ಅನುಮಾನ. ಕುಡಗೋಲಿನ ಹಿಡಿ ಅಲುಗಿದರೆ ಅದು ಕೊಯ್ಯುವುದು ಬೆಳೆಯನ್ನಲ್ಲ, ಕೈಯನ್ನು. ಕೊಡಲಿಯ ಕಾವಿನಲ್ಲಿ ನಾರು ಅಡ್ಡ ಹೋಗಿದ್ದರೆ ಒಂದಿಲ್ಲೊಂದು ದಿನ ಅದು ಮುರಿಯುವುದೇ. ಎಲ್ಲದಕ್ಕಿಂತ ಹೆಚ್ಚಿನದು, ಅಜ್ಜಪ್ಪ ಹುಡುಗಾಟದ ವಯಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ರೈಲಿನ ಗಾಲಿ ರಿಪೇರಿ ಮಾಡುವವರ ಕೈಕೆಳಗೆ ಕಲಿತದ್ದು: ಅಚ್ಚಿಗೆ ದೀಪದೆಣ್ಣೆ ಸವರಬೇಕು, ನೆನೆಯಲು ಬಿಟ್ಟು ಅರಿವೆಯಿಂದ ಗಟ್ಟಿಯಾಗಿ ಒರೆಸಬೇಕು, ಮೇಲೆ ತೆಳ್ಳಗೆ ಸುಣ್ಣ ಬಳಿಯಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಬಿಳಿ ಸುಣ್ಣದ ಮೇಲೆ ಗೆರೆ ಎಳೆಯುತ್ತದೆ.

ತಿಪ್ಪವ್ವ ಅದನ್ನು ಮೊದಲ ಸಲ ಕಂಡಾಗ ತಿದಿ ಬಿಟ್ಟು ಹೊರಗೆ ಹೋಗಿ ಬಹಳ ಹೊತ್ತು ಕುಳಿತಳಂತೆ. ಇಷ್ಟು ಎಣ್ಣೆ, ಇಷ್ಟು ಸುಣ್ಣ. ಚಂದ್ರಪ್ಪ ಉಳಿಯಲು ಅಷ್ಟು ಸಾಕಿತ್ತು.

ಅಲ್ಲಿಂದ ಮುಂದೆ ಅವಳು ಯಾರ ಹೊಲಕ್ಕೆ ಕೂಲಿಗೆ ಹೋದರೂ ಮೊದಲು ಸಾಮಾನು ನೋಡುವವಳು. ಕೊಟ್ಟ ಕುಡಗೋಲನ್ನು ತಿರುವಿ ಮುರುವಿ ನೋಡಿ, ಸರಿಯಿಲ್ಲದಿದ್ದರೆ ಅಲ್ಲೇ ಬದುವಿನ ಮೇಲೆ ಇಟ್ಟು, "ಇದು ಬ್ಯಾಡ, ಬ್ಯಾರೇದು ಕೊಡ್ರಿ," ಅನ್ನುವವಳು. ತನ್ನದಷ್ಟೇ ಅಲ್ಲ, ಜೊತೆಗಿದ್ದವರದ್ದನ್ನೂ ನೋಡುವವಳು. ಅವಳಿಂದ ಹೊತ್ತು ಹಾಳಾಗುತ್ತದೆ ಎಂದು ಜನ ಗೊಣಗಿದರು. ಕೆಲವರು ಕೂಲಿಗೆ ಕರೆಯುವುದನ್ನೇ ಬಿಟ್ಟರು. ಅವಳು ಬಿಡಲಿಲ್ಲ.

ಒಂದು ವರ್ಷ ಮಿರಗದ ಮಳೆ ಚೆನ್ನಾಗಿ ಹಿಡಿಯಿತು. ಪರಮೇಶಪ್ಪನವರ ಹೊಲದಲ್ಲಿ ಭತ್ತ ಬಿತ್ತುವ ಮೊದಲ ದಿನ. ಕೂರಿಗೆಗೆ ಮುತ್ತೈದೆಯರು ಪೂಜೆ ಮಾಡಬೇಕು, ಆಮೇಲೆ ಬಿತ್ತನೆ. ಅವರಿನ್ನೂ ಆರತಿಯ ತಟ್ಟೆ ಹಿಡಿದು ಬರುತ್ತಿದ್ದರು. ನೋಡಿದರೆ ತಿಪ್ಪವ್ವ ಕೂರಿಗೆಯನ್ನು ಮಗ್ಗುಲಿಗೆ ಕೆಡವಿ, ಬೀಜ ಇಳಿಯುವ ಬಿದಿರಿನ ಕೊಳವೆಗಳಿಗೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಾಳೆ!

ಸಾವಕಾರರ ಆಳುಗಳ ಮೇಲೆ ದೇಖರೇಖಿ ನೋಡುವವನು ಹೊಳಬಸಪ್ಪ. ಅವನು ಓಡಿ ಬಂದ. "ಏ, ಬುದ್ಧಿ ಐತೇನು ನಿನಗ? ಗಂಡನ್ನ ಕಳಕೊಂಡಾಕಿ ನೀ. ಪೂಜಿ ಆಗೂಕಿಂತ ಮೊದಲ ಕೂರಿಗಿ ಮುಟ್ಟತೀ?"

"ಪೂಜಿ ಆದಮ್ಯಾಲ ನೀವು ಬಿಚ್ಚಾಕ ಬಿಡೂದಿಲ್ಲ. ಅದಕ್ಕ ಮೊದಲ ಬಂದೇನಿ."

"ಕೈ ತಗೀ ಮೊದಲು!"

"ತಗೀತೇನಿ. ಇಲ್ನೋಡು," ಎಂದು ತಿಪ್ಪವ್ವ ನಡುವಿನ ಕೊಳವೆಯನ್ನು ತೋರಿಸಿದಳು. ಅದು ಉದ್ದಕ್ಕೆ ಸೀಳಿತ್ತು. ನೀರು ತುದಿಗೆ ಹೋಗದೆ ನಡುವೆಯೇ ಸೋರುತ್ತಿತ್ತು. "ಬೀಜನೂ ಹಿಂಗ ಮ್ಯಾಲ ಬೀಳತಾವ, ಹಕ್ಕಿ ತಿಂತಾವ. ಹ್ವಾದ ವರ್ಷ ಸಾಲು ಸಾಲು ಖಾಲಿ ಇದ್ದಾಗ ಹೊನ್ನವ್ವನ ಕೈ ಸರಿ ಇಲ್ಲ ಅಂತ ಊರ ಮುಂದ ಬೈದ್ರಿ. ಕೈ ಸರಿ ಇತ್ತು. ಕೊಳವಿ ಸೀಳಿತ್ತು."

ಬೀಜ ಬಿಡಲು ಉಡಿ ಕಟ್ಟಿಕೊಂಡು ನಿಂತಿದ್ದ ಹೊನ್ನವ್ವ ಅಲ್ಲೇ ಇದ್ದಳು. ಆ ಬೈಗುಳವನ್ನು ಅವಳು ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಅವಳು ಉಡಿಯ ಬೀಜವನ್ನು ಬುಟ್ಟಿಗೆ ಸುರಿದಳು. "ಕೊಳವಿ ಬದಲಿ ಮಾಡೂ ತನಕ ನಾ ಬೀಜ ಬಿಡೂದಿಲ್ಲ. ಮತ್ತ ಬೈಸಿಕೊಳ್ಳಾಕ ನನ್ನ ಕೈಲೆ ಆಗೂದಿಲ್ಲ," ಎಂದಳು.

ಹೊಳಬಸಪ್ಪ ಸಾವಕಾರರ ಕಡೆ ನೋಡಿದ. ಸಾವಕಾರರು ಆಕಾಶದ ಕಡೆ ನೋಡಿದರು. ಮಳೆಯ ಹದ ಕಳೆದುಕೊಳ್ಳುವಂತಿರಲಿಲ್ಲ. ಬೇರೆ ಕೊಳವೆ ಬಂತು. ಕೂರಿಗೆಯ ಮೇಲೆ ಗೋಮೂತ್ರ ಚಿಮುಕಿಸಿ ಪೂಜೆ ಮಾಡಿದರು. ಆ ವರ್ಷ ಸಾಲುಗಳು ತುಂಬಿ ಬಂದವು. ತಿಪ್ಪವ್ವನಿಗೆ ಮಾತ್ರ ಯಾರೂ ಒಳ್ಳೆಯ ಮಾತು ಆಡಲಿಲ್ಲ. ಹೊನ್ನವ್ವ ಒಬ್ಬಳು ಅವಳಿಗೆ ಗಟ್ಟಿ ಗೆಳತಿಯಾದಳು.

ಆಮೇಲೆ ಯುದ್ಧ ಬಂತು. ಕಬ್ಬಿಣ ಸಿಗುವುದು ದುರ್ಲಭವಾಯಿತು. ಗಾಲಿಯ ಹಳೆಯ ಹಳಿಗೆ ಬೆಸುಗೆ ಹಾಕಿ, ಸವೆದ ನೇಗಿಲ ಗುಳಕ್ಕೆ ತೇಪೆ ಹಚ್ಚಿ ಎಲ್ಲರೂ ದಿನ ದೂಡುತ್ತಿದ್ದರು. ಪರಮೇಶಪ್ಪನವರಿಗೆ ಸವಣೂರಿನ ದಾರಿಯಲ್ಲಿ ಕರೀ ಮಣ್ಣಿನ ಹೊಲ ಇತ್ತು. ಹತ್ತಿ ಒಡೆದಾಗ ಊರಿನ ಹೆಂಗಸರನ್ನು ಚಕ್ಕಡಿಯಲ್ಲಿ ತುಂಬಿ ಬಿಡಿಸಲು ಕಳಿಸುತ್ತಿದ್ದರು. ನಲವತ್ತಮೂರರ ಶಿವರಾತ್ರಿಯ ಮುಂಚೆ, ಒಂದು ಮುಂಜಾನೆ, ಬುತ್ತಿ ಕಟ್ಟಿಕೊಂಡು ಹೆಂಗಸರು ಚಕ್ಕಡಿಯ ಸುತ್ತ ನಿಂತಿದ್ದರು. ಕೆಲವರು ಕೂಸುಗಳನ್ನೂ ಎತ್ತಿಕೊಂಡಿದ್ದರು.

ತಿಪ್ಪವ್ವ ಎಂದಿನಂತೆ ಕಲ್ಲು ತಗೊಂಡು ಅಚ್ಚಿನ ತುದಿಗೆ ಬಡಿದಳು. ಒಂದು ಕಡೆ ದನಿ ಸರಿಯಿತ್ತು. ಇನ್ನೊಂದು ಕಡೆ ಮಡಿಕೆ ಬಡಿದ ಹಾಗೆ ಬಂತು. ಮತ್ತೊಮ್ಮೆ ಬಡಿದಳು. ಅದೇ ದನಿ.

"ಇದರ ಗಾಲಿ ಬಿಚ್ಚಬೇಕು," ಎಂದಳು.

"ನಿನ್ನಿ ಹೋಗಿ ಬಂದೈತಿ ಇದ ಚಕ್ಕಡಿ," ಎಂದ ಹೊಳಬಸಪ್ಪ. "ಹತ್ರೀ ಎಲ್ಲಾರೂ."

ತಿಪ್ಪವ್ವ ಬಗ್ಗಿ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯನ್ನು ಹಿರಿದಳು. ಆ ಕಡೆ ಹೋಗಿ ಇನ್ನೊಂದನ್ನೂ ಹಿರಿದಳು. ಎರಡನ್ನೂ ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡು ಎತ್ತುಗಳ ಮುಂದೆ ನಿಂತಳು.

ಸಾವಕಾರರಿಗೆ ಸುದ್ದಿ ಹೋಯಿತು. ಅವರು ಬಂದಾಗ ಅರ್ಧ ಊರು ಅಲ್ಲಿ ಸೇರಿತ್ತು.

"ಕಡಾಣಿ ಕೊಡು ತಿಪ್ಪವ್ವ."

"ಗಾಲಿ ಬಿಚ್ಚಿಸ್ರಿ, ಕೊಡತೇನಿ."

"ಹೊಂಟ ಚಕ್ಕಡಿ ನಿಲ್ಲಸೂದು ಅಪಶಕುನ, ಗೊತ್ತಿಲ್ಲೇನು ನಿನಗ?"

"ಹೊಂಟಿದ್ದು ನಿಲ್ಲಲಿಲ್ಲ ಅಂತನ ನನ್ನ ಗಂಡ ಮಣ್ಣಾಗ ಅದಾನ್ರಿ. ಇದರಾಗ ಹೆಣ್ಮಕ್ಕಳು ಹೊಂಟಾರ, ಕೂಸು ಅದಾವ. ನನ್ನ ಬಡದು ಕಸಕೋರಿ ಬೇಕಾರ. ನಾನಾಗೇ ಕೊಡೂದಿಲ್ಲ."

ಹೆಂಗಸಿನ ಸೆರಗಿಗೆ ಕೈ ಹಾಕುವ ಮನುಷ್ಯರಲ್ಲ ಸಾವಕಾರರು. ಸಿಟ್ಟಿನಿಂದ, "ಕರೀರಿ ಅಜ್ಜಪ್ಪನ್ನ," ಎಂದರು. "ಇವತ್ತ ಒಂದ ಇತ್ಯರ್ಥ ಆಗಿಬಿಡಲಿ. ಬಿರುಕು ಇಲ್ಲಂದ್ರ ನೀ ನಾಳಿಯಿಂದ ನನ್ನ ಹೊಲಕ್ಕ ಕಾಲಿಡಬಾರದು."

ಗಾಲಿ ಬಿಚ್ಚಿದರು. ಅಜ್ಜಪ್ಪ ಅಚ್ಚು ಒರೆಸಿ, ಎಣ್ಣೆ ಸವರಿ, ಮತ್ತೆ ಒರೆಸಿ, ಸುಣ್ಣ ಬಳಿದ. ಎಲ್ಲರೂ ಸುತ್ತ ಬಗ್ಗಿ ನಿಂತರು. ಸುಣ್ಣ ಒಣಗಿತು. ಬಿಸಿಲು ಏರಿತು. ಗೆರೆ ಏಳಲಿಲ್ಲ. ಇನ್ನೂ ಕಾದರು. ಬೆಳ್ಳಗಿನ ಅಚ್ಚು ಬೆಳ್ಳಗೇ ಉಳಿಯಿತು. ಗಾಲಿಯ ನಡುವಿನ ಗುಂಬದೊಳಗೆ, ಅಚ್ಚು ಕೂಡುವ ಜಾಗದಲ್ಲಿ, ಹಳೆಯ ಕೀಲೆಣ್ಣೆ ಮಣ್ಣಿನ ಜೊತೆ ಕಲೆತು ಕಲ್ಲಿನಂತೆ ಗಟ್ಟಿಯಾಗಿತ್ತು. ದನಿ ಮಂದವಾದದ್ದು ಅದರಿಂದ.

"ಏನಿಲ್ರಿ. ಅಚ್ಚು ಗಟ್ಟಿ ಐತಿ," ಎಂದ ಅಜ್ಜಪ್ಪ, ತಿಪ್ಪವ್ವನ ಮುಖ ನೋಡದೆ.

ಮೊದಲು ಹೊಳಬಸಪ್ಪ ನಕ್ಕ. ಆಮೇಲೆ ಊರೇ ನಕ್ಕಿತು. ತಿಪ್ಪವ್ವನಿಗೆ ಕಿವಿಯ ತನಕ ಬಿಸಿಯೇರಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಸೆರಗಿನ ಗಂಟು ಬಿಚ್ಚಿದಳು.

"ಈಗೇನಂತೀ?" ಎಂದರು ಸಾವಕಾರರು.

ಅವಳು ಕಡಾಣಿಗಳನ್ನು ಅವರ ಮುಂದೆ ಹಿಡಿದಳು. "ಬಿರುಕು ಇಲ್ಲ ಅಂತೇನಿ. ಭಾಳ ಚಲೋ ಆತು. ಇಲ್ಲ ಅಂತ ಈಗ ಗೊತ್ತಾತು. ಮುಂಜಾನೆ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

"ನಾಳಿಯಿಂದ ಬರಬ್ಯಾಡ."

"ನಿಮ್ಮ ಹೊಲಕ್ಕ ಬರೂದಿಲ್ರಿ. ಹೊಲ ನಿಮ್ದು. ದಾರಿ ನಿಮ್ದಲ್ಲ."

ಆ ಮಾತಿನ ಅರ್ಥ ಮರುದಿನ ಮುಂಜಾನೆ ಎಲ್ಲರಿಗೂ ತಿಳಿಯಿತು. ಹೆಂಗಸರನ್ನು ತುಂಬಿದ ಚಕ್ಕಡಿ ಊರ ಅಗಸಿ ಬಾಗಿಲು ದಾಟಿ ಬಂದರೆ ಅಲ್ಲಿ ದಾರಿಯ ನಡುವೆ ತಿಪ್ಪವ್ವ ನಿಂತಿದ್ದಳು. ಬುತ್ತಿ ಇಲ್ಲ, ಕೂಲಿ ಇಲ್ಲ. ಕೈಯಲ್ಲಿ ಕಲ್ಲೊಂದಿತ್ತು.

"ಸರೀ ಅತ್ಲಾಗ! ನಿನ್ನಿ ಆದ ಮರ್ಯಾದಿ ಸಾಲಲಿಲ್ಲೇನು?" ಹೊಳಬಸಪ್ಪ ಬಾರುಕೋಲು ಎತ್ತಿದ.

ಚಕ್ಕಡಿಯ ಹಿಂದಿನಿಂದ ಹೊನ್ನವ್ವ ಇಳಿದಳು. "ನಿನ್ನಿ ನಾ ಹೆದರಿಕಿ ಇಲ್ಲದ ಕುಂತು ಹೋದೆ. ಯಾಕಂದ್ರ ಗಾಲಿ ಬಿಚ್ಚಿ ನೋಡಿದ್ದು ನನ್ನ ಕಣ್ಣಿಂದ ಕಂಡಿದ್ದೆ," ಎಂದಳು. "ಆಕಿ ನೋಡಲಿ. ಆಮ್ಯಾಗ ಹತ್ತತೇನಿ."

ಅವಳ ಹಿಂದೆ ಇನ್ನೊಬ್ಬಳು ಇಳಿದಳು. ಕೂಸು ಎತ್ತಿಕೊಂಡವರು ಇಳಿದರು. ಚಕ್ಕಡಿ ಖಾಲಿಯಾಯಿತು. ತಿಪ್ಪವ್ವ ಎರಡೂ ಕಡೆ ಬಡಿದಳು, ಕಡಾಣಿ ಅಲುಗಿಸಿದಳು, ನೊಗದ ಹಗ್ಗ ಎಳೆದು ನೋಡಿದಳು. "ಹೊಂಡ್ರಿ," ಎಂದಳು. ಚಕ್ಕಡಿ ಅವಳನ್ನು ಬಿಟ್ಟು ಹೋಯಿತು.

ಹತ್ತಿ ಬಿಡಿಸಿ ಮುಗಿಯುವ ತನಕ ದಿನಾ ಅದೇ ನಡೆಯಿತು. ತಾನು ಹತ್ತದ ಚಕ್ಕಡಿಯನ್ನು ನೋಡಿ ಕಳಿಸಿ, ಆಮೇಲೆ ಅವಳು ತಡಸದ ಕಡೆ ನಡೆದು ಹೋಗಿ ಯಾರದೋ ಹೊಲದಲ್ಲಿ ಸಿಕ್ಕ ಕೆಲಸ ಮಾಡುವಳು. ಆ ದಿನಗಳಲ್ಲಿ ಅವಳಿಗೆ ಬಿರುಕೇನೂ ಸಿಗಲಿಲ್ಲ. ಒಮ್ಮೆ ಸವೆದ ಹಗ್ಗ ಸಿಕ್ಕಿತು, ಒಮ್ಮೆ ಸಡಿಲಾದ ಬೆಣೆ. ಹೊಳಬಸಪ್ಪ ಬೈಯುತ್ತಲೇ ಎರಡನ್ನೂ ಸರಿ ಮಾಡಿಸಿದ.

ಮರುವರ್ಷ ಹತ್ತಿ ಒಡೆಯುವ ಮುಂಚೆ ಸಾವಕಾರರೇ ಹೇಳಿ ಕಳಿಸಿದರು. ತಿಪ್ಪವ್ವ ಇಲ್ಲದೆ ಹೆಂಗಸರು ಬರುವುದಿಲ್ಲ ಅನ್ನುತ್ತಿದ್ದರು. ಅವಳು ಹೋದಳು, ಆದರೆ ಅಂಗಳದಲ್ಲಿ ನಿಂತೇ ಮಾತಾಡಿದಳು.

"ಬರತೇನ್ರಿ. ಹಂಗಾಮು ಶುರು ಆಗೂಕಿಂತ ಮೊದಲ ಎಲ್ಲಾ ಚಕ್ಕಡಿ ಗಾಲಿ ಬಿಚ್ಚಿ ಸುಣ್ಣ ಬಳದು ನೋಡಬೇಕು. ವರ್ಷಾ ನೋಡಬೇಕು."

"ಎತ್ತಿನ ಸಲುವಾಗಿ ನಾನೂ ಅದನ್ನ ಮಾಡಸೂದಂತ ಇದ್ದೆ," ಎಂದರು ಸಾವಕಾರರು.

"ಎತ್ತಿನ ಸಲುವಾಗಿ ಆದರೂ ಆಗಲಿ ಬಿಡ್ರಿ," ಎಂದಳು ತಿಪ್ಪವ್ವ.

ಎಲ್ಲ ಚಕ್ಕಡಿಗಳನ್ನೂ ಅಜ್ಜಪ್ಪನ ಅಂಗಳಕ್ಕೆ ತಂದರು. ಒಂದರ ನಂತರ ಒಂದಾಗಿ ಅಚ್ಚುಗಳು ಬೆಳ್ಳಗೆ ಒಣಗಿದವು. ಭತ್ತ ಹೇರುವ ದೊಡ್ಡ ಚಕ್ಕಡಿಯ ಅಚ್ಚಿನ ಮೇಲೆ, ಬುಡದ ಹತ್ತಿರ, ಸಣ್ಣ ಕಂದು ಗೆರೆಯೊಂದು ನಿಧಾನವಾಗಿ ಮೂಡಿತು.  ಪರಮೇಶಪ್ಪನವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ನಿಂತಾಗ ಅವರ ಮುಖ ಕಳೆಗುಂದಿತ್ತು.

ಹೊಳಬಸಪ್ಪ ಮೆಲ್ಲಗೆ ಹೇಳಿದ, "ಸವಣೂರಾಗ ಒಬ್ಬ ಹಳೇ ಕಬ್ಬಿಣದ ವ್ಯಾಪಾರಿ ಅದಾನ್ರಿ. ಸುಣ್ಣ ತೊಳದು ಕೊಟ್ರ ಚಲೋ ಅಚ್ಚಿನ ಲೆಕ್ಕದಾಗ ತಗೋತಾನ. ಈಗ ಕಬ್ಬಿಣಕ್ಕ ಭಾಳ ಬೇಡಿಕಿ ಐತಿ."

ತಿಪ್ಪವ್ವ ಅಚ್ಚಿನ ಮೇಲೆ ಕಾಲಿಟ್ಟು ನಿಂತುಬಿಟ್ಟಳು. "ತೊಳದು ಕೊಟ್ರ ಅಂವ ಇನ್ನೊಬ್ಬರಿಗೆ ಮಾರತಾನ. ಅವರ ಚಕ್ಕಡಿ ಯಾರು ಹೊಡೀತಾರ? ಅವರಿಗೆ ಮನಿ ಇಲ್ಲೇನು, ಮಕ್ಕಳಿಲ್ಲೇನು? ಅಜ್ಜಪ್ಪಣ್ಣಾ, ಕುಲುಮಿಗೆ ಹಾಕು ಇದನ್ನ. ನನ್ನ ಕಣ್ಣ ಮುಂದ ಎರಡು ತುಂಡು ಮಾಡು."

"ಅಚ್ಚು ನಂದು," ಎಂದರು ಸಾವಕಾರರು.

"ನಿಮ್ದ ಐತ್ರಿ. ಅದಕ್ಕ ಕಡಿ ಅಂತ ಹೇಳೂ ಮಾತೂ ನಿಮ್ದ. ಹೇಳೂ ತನಕ ನಾ ಕಾಲ ತಗಿಯೂದಿಲ್ಲ."

ಕುಲುಮೆಯಲ್ಲಿ ಇದ್ದಿಲು ಚಟಚಟ ಅನ್ನುತ್ತಿತ್ತು. ಸಾವಕಾರರು ಅವಳನ್ನು ನೋಡಿದರು. ಚಂದ್ರಪ್ಪ ತೀರಿಕೊಂಡ ದಿನಗಳಲ್ಲಿ ಇದೇ ಅಂಗಳದಲ್ಲಿ ಬಿದ್ದಿದ್ದ ಅಚ್ಚನ್ನು ತಾವು ನೋಡಲು ಬರಲಿಲ್ಲ ಎಂಬುದು ಅವರಿಗೆ ಆಗ ನೆನಪಾಗಿರಲೂಬಹುದು. ಅವರು ಅದನ್ನು ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ. "ಕಡಿಯೋ ಅಜ್ಜಪ್ಪ," ಎಂದಷ್ಟೇ ಹೇಳಿ ಮನೆಯ ಕಡೆ ನಡೆದರು.

ಕಾದು ಕೆಂಪಾದ ಅಚ್ಚಿನ ಮೇಲೆ ಅಜ್ಜಪ್ಪ ಉಳಿ ಹಿಡಿದ. ತಿದಿ ಊದಿದವಳು ತಿಪ್ಪವ್ವನೇ. ಆ ಕಬ್ಬಿಣದಿಂದ ಅವನು ಗುದ್ದಲಿ, ಕುರುಪಿಗಳನ್ನು ಮಾಡಿ ಕೊಟ್ಟ. ಅವು ಸಾವಕಾರರ ಹೊಲದಲ್ಲೇ ಬಹಳ ವರ್ಷ ದುಡಿದವು.

ಮಗಳು ಹಾಲವ್ವನನ್ನು ಹಾನಗಲ್ಲ ತಾಲೂಕಿನ ತಿಳವಳ್ಳಿಗೆ ಕೊಟ್ಟರು. ಸ್ವಾತಂತ್ರ್ಯ ಬಂದ ವರ್ಷದ ಸುಗ್ಗಿಗೆ ತಿಪ್ಪವ್ವ ಮೊದಲ ಸಲ ಬೀಗರ ಮನೆಗೆ ಹೋದಳು. ಕಣದಲ್ಲಿ ಭತ್ತ ಹರಡಿ, ತೆನೆಯ ಮೇಲೆ ಉರುಳಿಸಿ ಕಾಳು ಬಿಡಿಸುವ ರೋಣಗಲ್ಲಿಗೆ ಎತ್ತು ಹೂಡುತ್ತಿದ್ದರು. ಬೀಗತಿ ಮುದಕವ್ವ ಚಾಪೆ ಹಾಸಿ, "ಬರ್ರಿ, ಕುಂದ್ರಿ. ನೀವು ಬೀಗರು, ನೆರಳಾಗ ಇರ್ರಿ," ಎಂದಳು. ತಿಪ್ಪವ್ವ ಕುಳಿತಳು. ಕುಳಿತಲ್ಲಿಂದಲೇ ರೋಣಗಲ್ಲಿನ ಮರದ ಚೌಕಟ್ಟನ್ನು ನೋಡಿದಳು. ಒಂದು ಮೂಲೆಯಲ್ಲಿ ಗೂಟ ಹೊರಗೆ ಬಂದಿತ್ತು.

ಅವಳು ಎದ್ದಳು.

"ಅವ್ವಾ, ಇಲ್ಲಿ ಬ್ಯಾಡ. ನನ್ನ ಗಂಡನ ಮನಿ ಇದು," ಎಂದು ಹಾಲವ್ವ ಪಿಸುಗುಟ್ಟಿದಳು.

"ಅದಕ್ಕ," ಎಂದಳು ತಿಪ್ಪವ್ವ. ಸೀರೆಯ ನೆರಿಗೆ ಎತ್ತಿ ಕಟ್ಟಿ ಕಣಕ್ಕೆ ಇಳಿದು, "ಎತ್ತು ನಿಲ್ಲಸ್ರಿ ಒಂಚೂರು," ಎಂದು ಕೂಗಿದಳು. ಎತ್ತು ಹೊಡೆಯುತ್ತಿದ್ದ ಅಳಿಯ ಗಾಬರಿಯಾಗಿ ಹಗ್ಗ ಜಗ್ಗಿದ. ಮುದಕವ್ವ ಚಾಪೆಯ ಹತ್ತಿರ ನಿಂತು ಬೀಗತಿಯ ಕಡೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಕಣಕ್ಕೆ ಇಳಿದು ಬಂದು, "ಏನಾಗೇತ್ರಿ ಅದಕ್ಕ, ನನಗೂ ತೋರಸ್ರಿ," ಎಂದು ತಿಪ್ಪವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು.